ನಲುವತ್ತರ ಆಯಿಲೂ ಇಪ್ಪತ್ತು-ನಲುವತ್ತರ ಆಯಿಲೂ: ನಮ್ಮ ಸೆಕೆಯ ಊರಿನಲ್ಲಿ ಎಂಜಿನ್ನಿಗೆ ಯಾವುದು ಹೊಂದುತ್ತದೆ?

ಬದಿಯಡ್ಕ ಪೇಟೆಯಲ್ಲಿ ವಾಹನಗಳ ಬಿಡಿಭಾಗ ಮಾರುವ ಅಂಗಡಿಯೊಂದರ ಕಪಾಟಿನಲ್ಲಿ ಎಂಜಿನ್ ಆಯಿಲಿನ ಕ್ಯಾನುಗಳನ್ನು ಮೂರು ಸಾಲಾಗಿ ಇಟ್ಟಿರುತ್ತಾರೆ. ಕೆಳಗಿನ ಸಾಲಿನ ಐದು ಲೀಟರಿನ ಕ್ಯಾನುಗಳ ಮೇಲೆ ಬರೇ 40 ಎಂಬ ಒಂದು ಸಂಖ್ಯೆ. ನಡುವಿನ ಸಾಲಿನಲ್ಲಿ 20ಡಬ್ಲ್ಯೂ-40, 15ಡಬ್ಲ್ಯೂ-40. ಮೇಲಿನ ಸಾಲಿನ ಸಣ್ಣ, ದುಬಾರಿ ಡಬ್ಬಿಗಳ ಮೇಲೆ 5ಡಬ್ಲ್ಯೂ-30, 0ಡಬ್ಲ್ಯೂ-20. ನನ್ನ ಚಿಕ್ಕಪ್ಪ ಹಲವು ವರ್ಷ ಕೆಳಗಿನ ಸಾಲಿನಿಂದಲೇ ಒಂದು ಕ್ಯಾನು ಎತ್ತಿಕೊಂಡು ಬರುತ್ತಿದ್ದರು. ಅದು ತೋಟದ ಡೀಸೆಲ್ ಪಂಪಿಗೂ ಆಯಿತು, ಹಳೆಯ ಜೀಪಿಗೂ ಆಯಿತು. ಕಳೆದ ವರ್ಷ ಮನೆಗೆ ಹೊಸ ಪೆಟ್ರೋಲ್ ಕಾರು ಬಂದು, ಅದರ ಕೈಪಿಡಿಯಲ್ಲಿ 0ಡಬ್ಲ್ಯೂ-20 ಎಂದು ಬರೆದಿರುವುದನ್ನು ಕಂಡಾಗ ಅವರು ಕೇಳಿದ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು: "ಡಬ್ಲ್ಯೂ ಎಂದರೆ ವಿಂಟರ್ ಅಂತೆ. ನಮ್ಮ ಊರಿನಲ್ಲಿ ಹಿಮ ಬೀಳುತ್ತದೆಯೋ ಮಾರಾಯ? ಬೀಳದ ಹಿಮಕ್ಕೆ ನಾನು ಯಾಕೆ ದುಡ್ಡು ಕೊಡಬೇಕು?"

ಕುಂಬಳೆಯಲ್ಲಿ ಧನು ತಿಂಗಳ ಮುಂಜಾನೆಯ ಚಳಿ 20 ಡಿಗ್ರಿ ಸೆಲ್ಸಿಯಸಿನ ಆಸುಪಾಸಿನಲ್ಲಿ ನಿಲ್ಲುತ್ತದೆ, ಮೇಷ ತಿಂಗಳ ಮಧ್ಯಾಹ್ನದ ಸೆಕೆ 35ರ ಸುತ್ತ ಏರುತ್ತದೆ. ಇಷ್ಟೇ ಅಂತರದಲ್ಲಿ ವರ್ಷವಿಡೀ ಬದುಕುವ ನಮಗೆ ಚಳಿಗಾಲದ ಆಯಿಲ್ ಎಂಬ ಮಾತೇ ತಮಾಷೆಯಾಗಿ ಕೇಳಿಸುತ್ತದೆ. ಆದರೆ ಚಳಿ ಎಂಬುದನ್ನು ನಮ್ಮ ಮೈಯ ಲೆಕ್ಕದಲ್ಲಿ ಅಳೆಯದೆ ಎಂಜಿನ್ನಿನ ಲೆಕ್ಕದಲ್ಲಿ ಅಳೆದರೆ ಚಿತ್ರ ಬದಲಾಗುತ್ತದೆ. ಓಡುತ್ತಿರುವ ಎಂಜಿನ್ನಿನ ಆಯಿಲ್ ಸುಮಾರು 90ರಿಂದ 110 ಡಿಗ್ರಿ ಬಿಸಿಯಲ್ಲಿ ಇರುತ್ತದೆ. ಆ ಎಂಜಿನ್ನಿಗೆ ನಮ್ಮ 25 ಡಿಗ್ರಿಯ ಬೆಳಗ್ಗೆ ಎಂದರೆ ತನ್ನ ಕೆಲಸದ ಬಿಸಿಗಿಂತ 70, 80 ಡಿಗ್ರಿ ಕೆಳಗಿನ ಚಳಿ. ಹಿಮ ಬೀಳಲಿ ಬೀಳದಿರಲಿ, ಅಂಗಳದಲ್ಲಿ ರಾತ್ರಿ ನಿಂತ ಪ್ರತಿಯೊಂದು ವಾಹನವೂ ಪ್ರತಿದಿನ ಬೆಳಗ್ಗೆ ಒಂದು ಚಳಿಗಾಲವನ್ನು ದಾಟಿಯೇ ಹೊರಡುತ್ತದೆ. ಒಂದೇ ಸಂಖ್ಯೆ ಹೊತ್ತ ಸಿಂಗಲ್ ಗ್ರೇಡ್ ಮತ್ತು ಎರಡು ಸಂಖ್ಯೆ ಹೊತ್ತ ಮಲ್ಟಿಗ್ರೇಡ್ ಆಯಿಲುಗಳ ನಡುವಿನ ವ್ಯತ್ಯಾಸ ಇರುವುದು ಈ ದಾಟುವಿಕೆಯಲ್ಲಿ.

ಶಾಲೆಯ ಪುಸ್ತಕದಲ್ಲಿ ಸ್ನಿಗ್ಧತೆ ಎಂದು ಓದಿದ ಗುಣವೇ ಇಲ್ಲಿಯ ಮುಖ್ಯ ವಿಷಯ. ದ್ರವವೊಂದು ಹರಿಯುವುದಕ್ಕೆ ತಾನೇ ಒಡ್ಡುವ ತಡೆ ಅದು. ಬಾಟಲಿಯ ಜೇನುತುಪ್ಪ ಮಳೆಗಾಲದ ತಂಪಿನಲ್ಲಿ ಚಮಚದಿಂದ ಇಳಿಯಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ, ಅದೇ ಬಾಟಲಿಯನ್ನು ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಹೇಗೆ ನೀರಿನಂತೆ ಸುರಿಯುತ್ತದೆ ಎಂಬುದನ್ನು ನೋಡಿದವರಿಗೆ ಈ ಗುಣವೂ ಬಿಸಿಯೊಡನೆ ಅದು ಬದಲಾಗುವ ರೀತಿಯೂ ಗೊತ್ತಿದೆ. ತೆಂಗಿನೆಣ್ಣೆಯ ಉದಾಹರಣೆ ಮಾತ್ರ ಇಲ್ಲಿ ದಾರಿ ತಪ್ಪಿಸುತ್ತದೆ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟಿ ಘನವಾಗುತ್ತದೆ. ಎಂಜಿನ್ ಆಯಿಲ್ ನಮ್ಮ ಹವೆಯಲ್ಲಿ ಹಾಗೆ ಹೆಪ್ಪುಗಟ್ಟುವುದಿಲ್ಲ, ಜೇನಿನಂತೆ ದಪ್ಪವಾಗುತ್ತದೆ, ಅಷ್ಟೆ.

ಕ್ಯಾನಿನ ಮೇಲಿನ ಸಂಖ್ಯೆಗಳನ್ನು ಕೊಟ್ಟದ್ದು ಅಮೆರಿಕದ ಸೊಸೈಟಿ ಆಫ್ ಆಟೊಮೋಟಿವ್ ಎಂಜಿನಿಯರ್ಸ್, ಚಿಕ್ಕದಾಗಿ ಎಸ್‌ಎಇ. ಎಂಜಿನ್ ಆಯಿಲುಗಳನ್ನು ಸ್ನಿಗ್ಧತೆಯ ಮೇಲೆ ವಿಂಗಡಿಸುವ ಕೆಲಸವನ್ನು ಆ ಸಂಸ್ಥೆ 1911ರಲ್ಲಿಯೇ ಆರಂಭಿಸಿತು. ಈಗ ಜಾರಿಯಲ್ಲಿರುವ ಮಾನದಂಡಕ್ಕೆ ಜೆ300 ಎಂದು ಹೆಸರು. ಡಬ್ಲ್ಯೂ ಇಲ್ಲದ ಸಂಖ್ಯೆಗಳ ಮುಖ್ಯ ಅಳತೆ ನಡೆಯುವುದು 100 ಡಿಗ್ರಿ ಬಿಸಿಯಲ್ಲಿ. ಆ ಬಿಸಿಯಲ್ಲಿ ಆಯಿಲಿನ ಸ್ನಿಗ್ಧತೆ ಸೆಂಟಿಸ್ಟೋಕ್ಸ್ ಎಂಬ ಮಾನದಲ್ಲಿ 6.9ರಿಂದ 9.3ರ ಒಳಗಿದ್ದರೆ ಅದು 20ರ ಆಯಿಲ್, 9.3ರಿಂದ 12.5ರ ಒಳಗಿದ್ದರೆ 30ರದು, 12.5ರಿಂದ 16.3ರ ಒಳಗಿದ್ದರೆ 40ರದು, 16.3ರಿಂದ 21.9ರ ಒಳಗಿದ್ದರೆ 50ರದು. ಹೋಲಿಕೆಗೆ ಹೇಳುವುದಾದರೆ, 20 ಡಿಗ್ರಿಯ ನೀರಿನ ಸ್ನಿಗ್ಧತೆ ಇದೇ ಮಾನದಲ್ಲಿ ಸುಮಾರು 1. ಅಂದರೆ 40 ಎಂಬುದು ಒಂದು ಅಳತೆಯೂ ಅಲ್ಲ, ಡಿಗ್ರಿಯೂ ಅಲ್ಲ. ಅದು ಒಂದು ಪಟ್ಟಿಯ ಹೆಸರು.

ಡಬ್ಲ್ಯೂ ಇರುವ ಸಂಖ್ಯೆಯ ಪರೀಕ್ಷೆ ಬೇರೆಯೇ. ಅಲ್ಲಿ ಆಯಿಲನ್ನು ಸೊನ್ನೆಗಿಂತ ಕೆಳಗಿನ ಚಳಿಗೆ ಇಳಿಸಿ, ಎಂಜಿನ್ ತಿರುಗುವಷ್ಟು ಅದು ಸಡಿಲವಾಗಿದೆಯೇ, ಪಂಪು ಅದನ್ನು ಎಳೆದು ತಳ್ಳಬಲ್ಲುದೇ ಎಂದು ನೋಡುತ್ತಾರೆ. ತಿರುಗಿಸುವ ಪರೀಕ್ಷೆಯನ್ನು 20ಡಬ್ಲ್ಯೂ ಆಯಿಲಿಗೆ ಮೈನಸ್ 15ರಲ್ಲಿ, 15ಡಬ್ಲ್ಯೂ ಆಯಿಲಿಗೆ ಮೈನಸ್ 20ರಲ್ಲಿ, 5ಡಬ್ಲ್ಯೂ ಆಯಿಲಿಗೆ ಮೈನಸ್ 30ರಲ್ಲಿ, 0ಡಬ್ಲ್ಯೂ ಆಯಿಲಿಗೆ ಮೈನಸ್ 35ರಲ್ಲಿ ಮಾಡುತ್ತಾರೆ. ಡಬ್ಲ್ಯೂ ಸಂಖ್ಯೆ ಕಡಿಮೆಯಾದಷ್ಟೂ ಚಳಿಯಲ್ಲಿ ಆಯಿಲ್ ಹೆಚ್ಚು ಸಲೀಸು. ಎರಡೂ ಪರೀಕ್ಷೆಗಳಲ್ಲಿ ತೇರ್ಗಡೆಯಾದ ಆಯಿಲಿಗೆ ಎರಡೂ ಸಂಖ್ಯೆಗಳನ್ನು ಬರೆಯುವ ಹಕ್ಕು ಸಿಗುತ್ತದೆ, ಅದೇ ಮಲ್ಟಿಗ್ರೇಡ್. ಒಂದೇ ಪರೀಕ್ಷೆಗೆ ಕುಳಿತದ್ದು ಸಿಂಗಲ್ ಗ್ರೇಡ್. 20ಡಬ್ಲ್ಯೂ-40 ಎಂದರೆ 20 ಡಿಗ್ರಿಯಿಂದ 40 ಡಿಗ್ರಿಯವರೆಗಿನ ಹವೆಗೆ ಆಗುವ ಆಯಿಲ್ ಎಂದು ನಂಬಿದ ಎಷ್ಟೋ ಮಂದಿಯನ್ನು, ಅವರಲ್ಲಿ ಕೆಲವರು ಮೇಸ್ತ್ರಿಗಳೇ, ನಾನು ಕಂಡಿದ್ದೇನೆ. ನಮ್ಮ ಊರಿನ ಹವೆಗೆ ಆ ಸಂಖ್ಯೆಗಳು ಹೇಳಿ ಮಾಡಿಸಿದಂತೆ ಕಾಣುವುದರಿಂದ ಆ ನಂಬಿಕೆ ಇಲ್ಲಿ ಇನ್ನಷ್ಟು ಬೇರೂರಿದೆ.

ಇನ್ನೊಂದು ತಪ್ಪು ತಿಳಿವಳಿಕೆ ಇದಕ್ಕಿಂತ ಸೂಕ್ಷ್ಮವಾದದ್ದು. ಮಲ್ಟಿಗ್ರೇಡ್ ಆಯಿಲ್ ತಣ್ಣಗಿರುವಾಗ ತೆಳುವಾಗಿದ್ದು ಬಿಸಿಯಾದಾಗ ದಪ್ಪವಾಗುತ್ತದೆ ಎಂದು ಹಲವರು ವಿವರಿಸುವುದುಂಟು. ಹಾಗಾಗುವುದಿಲ್ಲ. ಬಿಸಿಯಾದಾಗ ಎಲ್ಲ ಎಂಜಿನ್ ಆಯಿಲುಗಳೂ ತೆಳುವಾಗುತ್ತವೆ. ಸಿಂಗಲ್ ಗ್ರೇಡ್ ಬೇಗ ಬೇಗನೆ ತೆಳುವಾಗುತ್ತದೆ, ಮಲ್ಟಿಗ್ರೇಡ್ ನಿಧಾನವಾಗಿ ತೆಳುವಾಗುತ್ತದೆ. ವ್ಯತ್ಯಾಸ ಇಳಿಜಾರಿನದ್ದೇ ಹೊರತು ದಿಕ್ಕಿನದ್ದಲ್ಲ. ಈ ಇಳಿಜಾರನ್ನು ಅಳೆಯಲು ಡೀನ್ ಮತ್ತು ಡೇವಿಸ್ ಎಂಬಿಬ್ಬರು 1929ರಲ್ಲಿ ಸ್ನಿಗ್ಧತಾ ಸೂಚ್ಯಂಕವನ್ನು ರೂಪಿಸಿದರು. ಬಿಸಿಗೆ ಬಹಳ ಬದಲಾಗುತ್ತಿದ್ದ ಅಮೆರಿಕದ ಗಲ್ಫ್ ಕರಾವಳಿಯ ಕಚ್ಚಾತೈಲದ ಆಯಿಲಿಗೆ ಅವರು 0 ಕೊಟ್ಟರು, ಅತಿ ಕಡಿಮೆ ಬದಲಾಗುತ್ತಿದ್ದ ಪೆನ್ಸಿಲ್ವೇನಿಯದ್ದಕ್ಕೆ 100 ಕೊಟ್ಟರು. ಅದಕ್ಕಿಂತ ಸ್ಥಿರವಾದ ಆಯಿಲ್ ಅಂದಿನ ಅವರ ಕಣ್ಣಿಗೆ ಬಿದ್ದಿರಲಿಲ್ಲ. ಇಂದು ಸಿಂಗಲ್ ಗ್ರೇಡ್ ಆಯಿಲುಗಳ ಸೂಚ್ಯಂಕ ಸಾಮಾನ್ಯವಾಗಿ 95ರಿಂದ 105ರ ನಡುವೆ ಇದ್ದರೆ, ಒಳ್ಳೆಯ ಮಲ್ಟಿಗ್ರೇಡುಗಳದ್ದು 150ನ್ನೂ ದಾಟುತ್ತದೆ.

ಇಳಿಜಾರನ್ನು ತಗ್ಗಿಸುವುದಕ್ಕೆ ಎರಡು ಉಪಾಯಗಳಿವೆ. ಒಂದು, ಮೂಲ ತೈಲವನ್ನೇ ಹೆಚ್ಚು ಶುದ್ಧೀಕರಿಸಿ ಅಥವಾ ರಾಸಾಯನಿಕವಾಗಿ ಕಟ್ಟಿ ತಯಾರಿಸುವುದು. ಸಿಂಥೆಟಿಕ್ ಎಂದು ಮಾರುವ ಆಯಿಲುಗಳು ಈ ದಾರಿಯವು. ಇನ್ನೊಂದು, 1950ರ ದಶಕದಲ್ಲಿ ಮಲ್ಟಿಗ್ರೇಡ್ ಆಯಿಲುಗಳು ಪೇಟೆಗೆ ಬರಲು ಕಾರಣವಾದ ಉಪಾಯ: ತೆಳುವಾದ ಮೂಲ ತೈಲಕ್ಕೆ ಪಾಲಿಮರ್ ಬೆರೆಸುವುದು. ಪಾಲಿಮರ್ ಎಂದರೆ ಉದ್ದೋ ಉದ್ದದ ಸರಪಣಿಯಂತಿರುವ ಅಣು. ಸಾಮಾನ್ಯವಾಗಿ ಕೊಡುವ ವಿವರಣೆಯ ಪ್ರಕಾರ, ಆಯಿಲ್ ತಣ್ಣಗಿರುವಾಗ ಈ ಅಣು ಬಿಗಿಯಾಗಿ ಸುತ್ತಿಟ್ಟ ಕತ್ತದ ಹಗ್ಗದ ಉಂಡೆಯಂತೆ ಮುದುಡಿಕೊಂಡು, ಆಯಿಲಿನ ಹರಿವಿಗೆ ಹೆಚ್ಚು ಅಡ್ಡಬರದೆ ತೇಲುತ್ತಿರುತ್ತದೆ. ಬಿಸಿಯೇರಿದಂತೆ ಉಂಡೆ ಸಡಿಲಗೊಂಡು ಹರಡಿಕೊಳ್ಳುತ್ತದೆ, ಹೆಚ್ಚು ಜಾಗ ಹಿಡಿಯುತ್ತದೆ, ತೆಳುವಾಗಲು ಹೊರಟ ಆಯಿಲನ್ನು ಅಲ್ಲಲ್ಲಿ ತಡೆದು ನಿಲ್ಲಿಸುತ್ತದೆ. ಹೀಗೆ ಬೆಳಗ್ಗಿನ ಹೊತ್ತಿಗೆ ತೆಳು ತೈಲದ ಸಲೀಸುತನವೂ ಮಧ್ಯಾಹ್ನದ ಓಟಕ್ಕೆ ದಪ್ಪ ತೈಲದ ಮೈಕಟ್ಟೂ ಒಂದೇ ಡಬ್ಬಿಯಲ್ಲಿ ದೊರೆಯುತ್ತವೆ.

ಇದನ್ನು ಕಣ್ಣಾರೆ ನೋಡಬೇಕಾದರೆ ಹೆಚ್ಚಿನ ಖರ್ಚಿಲ್ಲ. ಚಿಕ್ಕಪ್ಪನ ಮನೆಯ ಜಗಲಿಯಲ್ಲಿ ನಾವು ಮದ್ದಿನ ಎರಡು ಸಣ್ಣ ಗಾಜಿನ ಬಾಟಲಿಗಳನ್ನು ತೊಳೆದು ಒಣಗಿಸಿ, ಒಂದರಲ್ಲಿ ಪಂಪಿನ 40ರ ಆಯಿಲನ್ನೂ ಇನ್ನೊಂದರಲ್ಲಿ ಕಾರಿನ 0ಡಬ್ಲ್ಯೂ-20 ಆಯಿಲನ್ನೂ ಅರ್ಧದಷ್ಟು ತುಂಬಿ, ಮುಚ್ಚಳ ಹಾಕಿ ಬೆಳಗ್ಗೆ ಒಟ್ಟಿಗೆ ಮಗುಚಿದೆವು. ಕಾರಿನ ಆಯಿಲ್ ಕೂಡಲೇ ಕೆಳಗಿಳಿದು ಮುಚ್ಚಳದ ಕಡೆ ಸೇರಿತು. ಪಂಪಿನದ್ದು ಗಾಜಿನ ಗೋಡೆಯನ್ನು ಹಿಡಿದುಕೊಂಡು, ನಡುವೆ ಒಂದು ದೊಡ್ಡ ಗಾಳಿಗುಳ್ಳೆಯನ್ನು ಮೆಲ್ಲಗೆ ಮೇಲಕ್ಕೆ ಬಿಟ್ಟುಕೊಡುತ್ತಾ, ಇಳಿಯಲು ಬೇಕಾದಷ್ಟು ಹೊತ್ತು ತೆಗೆದುಕೊಂಡಿತು. ಆಮೇಲೆ ಎರಡನ್ನೂ ಸ್ನಾನದ ಹಂಡೆಯಿಂದ ತೋಡಿದ ಕುದಿನೀರಿನಲ್ಲಿ ಹತ್ತು ನಿಮಿಷ ಮುಳುಗಿಸಿಟ್ಟು ಮತ್ತೆ ಮಗುಚಿದಾಗ ಯಾವುದು ಯಾವುದೆಂದು ಹೇಳಲು ಚಿಕ್ಕಪ್ಪ ಬಣ್ಣವನ್ನು ನೋಡಬೇಕಾಯಿತು. ಲೆಕ್ಕವೂ ಇದನ್ನೇ ಹೇಳುತ್ತದೆ. ಸಾಧಾರಣ 40ರ ಸಿಂಗಲ್ ಗ್ರೇಡಿನ ಸ್ನಿಗ್ಧತೆ 25 ಡಿಗ್ರಿಯಲ್ಲಿ ಸುಮಾರು 365 ಸೆಂಟಿಸ್ಟೋಕ್ಸ್, 100 ಡಿಗ್ರಿಯಲ್ಲಿ 14.5ರಷ್ಟು. 0ಡಬ್ಲ್ಯೂ-20 ಆಯಿಲಿನದ್ದು 25 ಡಿಗ್ರಿಯಲ್ಲಿ ಸುಮಾರು 85, 100 ಡಿಗ್ರಿಯಲ್ಲಿ 8.5ರಷ್ಟು. ತಣ್ಣಗಿರುವಾಗ ನಾಲ್ಕು ಪಟ್ಟಿಗೂ ಮಿಕ್ಕಿದ್ದ ಅಂತರ ಬಿಸಿಯಾದಾಗ ಎರಡು ಪಟ್ಟಿಗೂ ಕಡಿಮೆಯಾಗುತ್ತದೆ. ಎರಡೂ 40ರ ಪಟ್ಟಿಯವೇ ಆದ ಸಿಂಗಲ್ ಗ್ರೇಡನ್ನೂ 15ಡಬ್ಲ್ಯೂ-40ನ್ನೂ ಹೋಲಿಸಿದರೆ 100 ಡಿಗ್ರಿಯಲ್ಲಿ ಅವು ಹೆಚ್ಚುಕಡಿಮೆ ಒಂದೇ; 25 ಡಿಗ್ರಿಯಲ್ಲಿ ಒಂದು 365, ಇನ್ನೊಂದು 235ರ ಸುಮಾರು. ಹಿಮವಿಲ್ಲದ ಊರಿನ ಸಂಖ್ಯೆಗಳು ಇವು.

ಬೆಳಗ್ಗೆ ಕೀಲಿ ತಿರುಗಿಸಿದ ಕ್ಷಣ ಆಯಿಲೆಲ್ಲ ತಳದ ಸಂಪಿನಲ್ಲಿ ಇಳಿದು ನಿಂತಿರುತ್ತದೆ. ಬೇರಿಂಗುಗಳ, ಕ್ಯಾಮ್‌ಶಾಫ್ಟಿನ ಮೇಲೆ ರಾತ್ರಿಯಿಂದ ಉಳಿದಿರುವುದು ಒಂದು ತೆಳು ಪೊರೆ ಮಾತ್ರ. ಪಂಪು ಆಯಿಲನ್ನು ಎಳೆದು, ಫಿಲ್ಟರಿನ ಮೂಲಕ ಹಾಯಿಸಿ, ಸಣ್ಣ ಓಣಿಗಳಂತಿರುವ ದಾರಿಗಳಲ್ಲಿ ಎಂಜಿನ್ನಿನ ತಲೆಯವರೆಗೆ ಏರಿಸಬೇಕು. ಆಯಿಲ್ ದಪ್ಪವಿದ್ದರೆ ಆಗುವುದೇನು? ಪಂಪು ತಳ್ಳುವುದನ್ನು ನಿಲ್ಲಿಸುವುದಿಲ್ಲ, ಆದರೆ ಒತ್ತಡ ಮಿತಿಮೀರಿದ್ದರಿಂದ ರಿಲೀಫ್ ವಾಲ್ವ್ ತೆರೆದುಕೊಂಡು ಆಯಿಲಿನ ಒಂದು ಪಾಲು ಮೇಲೇರದೆ ಮರಳಿ ಸಂಪಿಗೇ ಬೀಳುತ್ತದೆ. ಫಿಲ್ಟರಿನ ಕಾಗದದಲ್ಲಿ ದಪ್ಪ ಆಯಿಲ್ ಬೇಗ ನುಸುಳದಿದ್ದರೆ ಅದರ ಬೈಪಾಸ್ ವಾಲ್ವ್ ತೆರೆದು, ಸೋಸದ ಆಯಿಲೇ ಬೇರಿಂಗಿಗೆ ಹೋಗುತ್ತದೆ. ತಣ್ಣಗಿನ ಎಂಜಿನ್ನಿನಲ್ಲಿ ಆಯಿಲ್ ಪ್ರೆಶರಿನ ಮುಳ್ಳು ಮೇಲೇರಿ ನಿಂತದ್ದನ್ನು ನೋಡಿ "ಒಳ್ಳೆ ಪ್ರೆಶರ್ ಉಂಟು" ಎಂದು ಸಮಾಧಾನಪಡುವವರು ಒತ್ತಡ ಬೇರೆ, ಹರಿವು ಬೇರೆ ಎಂಬುದನ್ನು ಗಮನಿಸಬೇಕು. ಹೊಳೆಗೆ ಅಡ್ಡಕಟ್ಟ ಹಾಕಿದಾಗ ನೀರು ಏರುತ್ತದೆ. ಕೆಳಗಿನ ತೋಟಕ್ಕೆ ನೀರು ಹೆಚ್ಚಿತೆಂದು ಅದರಿಂದ ಹೇಳಲಾಗುವುದಿಲ್ಲ.

ಹೊಸ ಕಾರುಗಳಲ್ಲಿ ಈ ಮಾತಿಗೆ ಇನ್ನೂ ಹೆಚ್ಚಿನ ತೂಕ ಬರುವುದು ಆಯಿಲ್ ಅಲ್ಲಿ ಜಾರಿಸುವ ಕೆಲಸವೊಂದನ್ನೇ ಮಾಡುವುದಿಲ್ಲವಾದ್ದರಿಂದ. ವಾಲ್ವುಗಳು ತೆರೆಯುವ ಸಮಯವನ್ನು ಎಂಜಿನ್ನಿನ ವೇಗಕ್ಕೆ ತಕ್ಕಂತೆ ಹಿಂದುಮುಂದು ಮಾಡುವ ವಿವಿಟಿ ವ್ಯವಸ್ಥೆ ಹೆಚ್ಚಿನ ಎಂಜಿನ್ನುಗಳಲ್ಲಿ ಆಯಿಲಿನ ಒತ್ತಡದಿಂದಲೇ ನಡೆಯುತ್ತದೆ. ಟೈಮಿಂಗ್ ಚೈನನ್ನು ಬಿಗಿಹಿಡಿಯುವ ಟೆನ್ಷನರ್, ಟ್ಯಾಪೆಟ್ಟಿನ ಸಂದನ್ನು ತಾನಾಗಿ ಸರಿಪಡಿಸಿಕೊಳ್ಳುವ ಹೈಡ್ರಾಲಿಕ್ ಲಿಫ್ಟರ್, ಪಿಸ್ಟನ್ನಿನ ಅಡಿಗೆ ಆಯಿಲ್ ಚಿಮ್ಮಿಸಿ ತಂಪುಮಾಡುವ ಜೆಟ್ ಇವೆಲ್ಲವೂ ಇಷ್ಟು ಸ್ನಿಗ್ಧತೆಯ ಆಯಿಲ್ ಇಷ್ಟು ಹೊತ್ತಿನಲ್ಲಿ ತಲುಪುತ್ತದೆ ಎಂಬ ಲೆಕ್ಕದ ಮೇಲೆ ಮಾಡಿದವು. ಟರ್ಬೊ ಇದ್ದರೆ ಅದರ ದಂಡ ನಿಮಿಷಕ್ಕೆ 1 ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವುದು ಆಯಿಲಿನ ಪೊರೆಯ ಮೇಲೆಯೇ. ಕ್ರ್ಯಾಂಕಿನ ಬೇರಿಂಗುಗಳಲ್ಲಿ ಬಿಟ್ಟಿರುವ ಸಂದು ಮಿಲಿಮೀಟರಿನ ನೂರನೆಯ ಭಾಗಗಳ ಲೆಕ್ಕದ್ದು, ಹೆಚ್ಚಿನವುಗಳಲ್ಲಿ ತಲೆಗೂದಲಿನ ದಪ್ಪಕ್ಕಿಂತಲೂ ಕಡಿಮೆ. ಇಂಥ ಎಂಜಿನ್ನಿಗೆ ಬರೇ 40ರ ಆಯಿಲ್ ಹಾಕಿದರೆ ಅದು ಮೊದಲ ದಿನವೇ ಕೆಟ್ಟು ನಿಲ್ಲುವುದಿಲ್ಲ. ಇದನ್ನು ಒಪ್ಪದೆ ಹೆದರಿಸುವ ಮಾತಾಡುವವರನ್ನು ನಾನು ನಂಬುವುದಿಲ್ಲ. ಆಗುವ ನಷ್ಟ ನಿಧಾನದ್ದು. ಪ್ರತಿ ಬೆಳಗ್ಗೆ ಕೆಲವು ಕ್ಷಣ ಹೆಚ್ಚಿನ ತಿಕ್ಕಾಟ, ವಿವಿಟಿ ತಡವಾಗಿ ಓಗೊಡುವುದು, ಕೆಲವು ವಾಹನಗಳಲ್ಲಿ ಎಚ್ಚರಿಕೆಯ ದೀಪ ಉರಿಯುವುದು, ಮೈಲೇಜಿನಲ್ಲಿ ನೂರಕ್ಕೆ ಒಂದೆರಡರಷ್ಟು ಸೋರಿಕೆ.

ನಮ್ಮ ಓಡಾಟದ ರೀತಿಯೂ ಇದಕ್ಕೆ ಸೇರಿಕೊಳ್ಳುತ್ತದೆ. ಮನೆಯಿಂದ ಪೇಟೆಗೆ ಮೂರು ಕಿಲೋಮೀಟರು, ಹಾಲಿನ ಸೊಸೈಟಿ, ಶಾಲೆ, ಮತ್ತೆ ಮನೆ. ಎಂಜಿನ್ನಿನ ನೀರಿಗಿಂತ ಆಯಿಲ್ ಬಿಸಿಯಾಗುವುದು ನಿಧಾನ; ಡ್ಯಾಶ್‌ಬೋರ್ಡಿನಲ್ಲಿ ನೀರಿನ ಮುಳ್ಳು ನಡುವಿಗೆ ಬಂದಾಗಲೂ ಆಯಿಲ್ ಇನ್ನೂ ಹಿಂದೆ ಉಳಿದಿರುತ್ತದೆ. ಮೇಲಿನ ಅಂಕಿಗಳಿಂದಲೇ ಲೆಕ್ಕ ಹಾಕಿದರೆ, 0ಡಬ್ಲ್ಯೂ-20 ಆಯಿಲ್ 25 ಡಿಗ್ರಿಯಲ್ಲಿ ಹರಿಯುವಷ್ಟು ಸಲೀಸಾಗಿ 40ರ ಸಿಂಗಲ್ ಗ್ರೇಡ್ ಹರಿಯಬೇಕಾದರೆ ಅದು ಸುಮಾರು 50 ಡಿಗ್ರಿಗೆ ಬಿಸಿಯಾಗಬೇಕು. ಕಾರಿನ ಆಯಿಲ್ ಕೀಲಿ ತಿರುಗಿಸಿದ ಕ್ಷಣದಲ್ಲಿ ಇರುವ ಸ್ಥಿತಿಗೆ ಪಂಪಿನ ಆಯಿಲ್ ಬರುವಾಗ ನಾವು ಅರ್ಧ ದಾರಿ ಕಳೆದಿರುತ್ತೇವೆ. ತಲಪಾಡಿ ದಾಟಿ ಮಂಗಳೂರಿಗೆ ದಿನವೂ ಹೋಗಿಬರುವವರ ಕಾರಿಗೆ ಇದು ದೊಡ್ಡ ಸಂಗತಿಯಲ್ಲ; ಊರೊಳಗೇ ಸುತ್ತುವ ಕಾರಿಗೆ ಇದೇ ದಿನಚರಿ.

ಹಾಗಾದರೆ ಬಿಸಿಯ ತುದಿಯಲ್ಲಿ 20ರ ತೆಳು ಆಯಿಲ್ ತಡೆಯುತ್ತದೆಯೇ ಎಂಬ ಪ್ರಶ್ನೆ ಉಳಿಯುತ್ತದೆ, ಮತ್ತು ಸೆಕೆಯ ಊರಿನವರು ಅದನ್ನು ಕೇಳಲೇಬೇಕು. ಇಲ್ಲಿ 100 ಡಿಗ್ರಿಯ ಅಳತೆ ಸಾಲದು, ಯಾಕೆಂದರೆ ಬೇರಿಂಗಿನ ಸಂದಿನಲ್ಲಿ ಆಯಿಲ್ ಅತಿ ವೇಗವಾಗಿ ಅರೆಯಲ್ಪಡುತ್ತದೆ. ಅದಕ್ಕಾಗಿ 150 ಡಿಗ್ರಿಯಲ್ಲಿ, ಆ ಅರೆತವನ್ನೂ ಕೂಡಿಸಿ ಮಾಡುವ ಪರೀಕ್ಷೆಯೊಂದಿದೆ. ಎಚ್‌ಟಿಎಚ್‌ಎಸ್ ಎಂದು ಅದನ್ನು ಕರೆಯುತ್ತಾರೆ. ಅದರಲ್ಲಿ 20ರ ಆಯಿಲ್ ಕನಿಷ್ಠ 2.6, 30ರದು 2.9, 15ಡಬ್ಲ್ಯೂ-40 ಮತ್ತು ಸಿಂಗಲ್ ಗ್ರೇಡ್ 40 ಕನಿಷ್ಠ 3.7 ಮಿಲಿಪಾಸ್ಕಲ್-ಸೆಕೆಂಡಿನಷ್ಟಾದರೂ ಉಳಿಯಬೇಕು. 40ರದ್ದು ಹೆಚ್ಚೆಂಬುದು ನಿಜ. ಆದರೆ 2.6 ಸಾಕಾಗುವಂತೆ ಬೇರಿಂಗಿನ ಅಗಲ, ಸಂದು, ಪಂಪಿನ ಗಾತ್ರ, ಆಯಿಲನ್ನು ತಂಪುಮಾಡುವ ಏರ್ಪಾಡು ಎಲ್ಲವನ್ನೂ ಹೊಂದಿಸಿದ ಎಂಜಿನ್ನಿಗೆ 3.7ರಿಂದ ಸಿಗುವ ಲಾಭ ಅಷ್ಟಕ್ಕಷ್ಟೆ, ಬೆಳಗ್ಗಿನ ನಷ್ಟ ಮಾತ್ರ ಖಚಿತ. ಹೊರಗಿನ ಸೆಕೆ 35ಕ್ಕೆ ಬದಲು 30 ಆದರೂ ಒಳಗಿನ ಆಯಿಲನ್ನು 100ರ ಸುತ್ತ ಹಿಡಿದಿಡುವುದು ರೇಡಿಯೇಟರ್ ಮತ್ತು ಥರ್ಮೋಸ್ಟಾಟ್; ಹೊರಗಿನ ಹವೆಯ ಪಾಲು ನಾವು ಎಣಿಸಿದಷ್ಟಿಲ್ಲ. ಕೈಪಿಡಿಯಲ್ಲಿ ಹವೆಗೆ ತಕ್ಕಂತೆ ಎರಡು ಮೂರು ಗ್ರೇಡುಗಳನ್ನು ಕೊಟ್ಟಿದ್ದರೆ ಅವುಗಳ ಪೈಕಿ ಸ್ವಲ್ಪ ದಪ್ಪದ್ದನ್ನು ಆರಿಸುವುದರಲ್ಲಿ ತಪ್ಪಿಲ್ಲ. ಆ ಪಟ್ಟಿಯ ಹೊರಗೆ ಹೋಗಬಾರದು, ಅಷ್ಟೆ.

ಮಲ್ಟಿಗ್ರೇಡಿಗೂ ಅದರದ್ದೇ ಬಲಹೀನತೆಯಿದೆ. ಉದ್ದದ ಪಾಲಿಮರ್ ಸರಪಣಿಗಳು ಹಲ್ಲಿನ ಚಕ್ರಗಳ ನಡುವೆ, ಪಿಸ್ಟನ್ ರಿಂಗುಗಳ ಅಂಚಿನಲ್ಲಿ ಸಿಕ್ಕಿ ತುಂಡಾಗುತ್ತವೆ. ತುಂಡಾದ ಸರಪಣಿ ಬಿಸಿಯಲ್ಲಿ ಹರಡಿಕೊಂಡರೂ ಮೊದಲಿನಷ್ಟು ತಡೆ ಕೊಡಲಾರದು. ಹೀಗಾಗಿ 40ರ ಪಟ್ಟಿಯಲ್ಲಿದ್ದ ಮಲ್ಟಿಗ್ರೇಡ್ ಸಾವಿರಾರು ಕಿಲೋಮೀಟರ್ ಓಡಿದ ಮೇಲೆ 30ರ ಪಟ್ಟಿಗೆ ಜಾರುವುದುಂಟು. ಎರಡು ಸಂಖ್ಯೆಗಳ ನಡುವಿನ ಅಂತರ ದೊಡ್ಡದಾಗಿದ್ದು ಮೂಲ ತೈಲ ಅಗ್ಗದ್ದಾಗಿದ್ದರೆ ಪಾಲಿಮರನ್ನು ಹೆಚ್ಚು ಸುರಿದಿರಬೇಕಾಗುತ್ತದೆ, ಆಗ ಈ ಜಾರುವಿಕೆಯೂ ಹೆಚ್ಚು. ಪಾಲಿಮರೇ ಇಲ್ಲದ ಸಿಂಗಲ್ ಗ್ರೇಡಿಗೆ ಈ ಭಯವಿಲ್ಲ.

ಆದ್ದರಿಂದ ಚಿಕ್ಕಪ್ಪನ ತೋಟದ ಪಂಪಿನ ವಿಷಯದಲ್ಲಿ ನಾನು ಅವರೊಡನೆ ವಾದ ಮಾಡಲಿಲ್ಲ. ಕೆರೆಯ ದಂಡೆಯಲ್ಲಿರುವ ಆ 5 ಅಶ್ವಶಕ್ತಿಯ ಡೀಸೆಲ್ ಎಂಜಿನ್ ಕರೆಂಟಿಲ್ಲದ ದಿನ ಹೊತ್ತಾರೆ ಹೊರಟರೆ ಮೂರು ನಾಲ್ಕು ತಾಸು ನಿಮಿಷಕ್ಕೆ 1500 ಸುತ್ತಿನ ಒಂದೇ ವೇಗದಲ್ಲಿ, ಒಂದೇ ಭಾರ ಹೊತ್ತು ತಿರುಗುತ್ತದೆ. ಅದರ ಸಂದುಗಳು ದೊಡ್ಡವು, ಆಯಿಲಿನ ದಾರಿಗಳು ಅಗಲ, ವಿವಿಟಿಯೂ ಇಲ್ಲ, ಟರ್ಬೊ ಕೂಡ ಇಲ್ಲ. ತಣ್ಣಗಿನಿಂದ ಬಿಸಿಗೆ ದಾಟುವ ಕಷ್ಟ ದಿನಕ್ಕೆ ಒಮ್ಮೆ ಮಾತ್ರ. ಅದರ ಜೊತೆಗೆ ಬಂದ ಚೀಟಿಯಲ್ಲಿಯೂ ಎಸ್‌ಎಇ 40 ಎಂದೇ ಇದೆ. ಜನರೇಟರುಗಳು, ಹಳೆಯ ಟಿಲ್ಲರುಗಳು, ಮೀನುಗಾರಿಕೆಯ ದೋಣಿಗಳ ಕೆಲವು ಡೀಸೆಲ್ ಎಂಜಿನ್ನುಗಳು ಇದೇ ಜಾತಿಗೆ ಸೇರಿದವು. ಅಂಥವುಗಳಿಗೆ ಸಿಂಗಲ್ ಗ್ರೇಡ್ ಅಗ್ಗವೂ ಹೌದು, ಯೋಗ್ಯವೂ ಹೌದು. ಅಡಿಕೆಗೆ ಮದ್ದು ಬಿಡುವ ಯಂತ್ರದ ಎಂಜಿನ್ ಫೋರ್ ಸ್ಟ್ರೋಕಿನದ್ದಾದರೆ ಅದರ ಚೀಟಿಯನ್ನು ಬೇರೆಯಾಗಿಯೇ ನೋಡಬೇಕು, ಹೆಚ್ಚಿನವು ಮಲ್ಟಿಗ್ರೇಡ್ ಕೇಳುತ್ತವೆ. ಟೂ ಸ್ಟ್ರೋಕಿನ ಹುಲ್ಲು ಕತ್ತರಿಸುವ ಯಂತ್ರಕ್ಕೆ ಪೆಟ್ರೋಲಿನಲ್ಲಿ ಬೆರೆಸುವ ಟೂಟಿ ಆಯಿಲ್ ಈ ಲೆಕ್ಕಕ್ಕೇ ಬರುವುದಿಲ್ಲ.

ಕ್ಯಾನಿನ ಮೇಲೆ ದೊಡ್ಡದಾಗಿ ಬರೆದ ಗ್ರೇಡಿನ ಕೆಳಗೆ ಸಣ್ಣ ಅಕ್ಷರದಲ್ಲಿ ಎಪಿಐ, ಅಂದರೆ ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್, ಎಂದು ಇನ್ನೊಂದು ಸಾಲಿರುತ್ತದೆ. ನನ್ನ ಅಭಿಪ್ರಾಯದಲ್ಲಿ ಸಿಂಗಲ್ ಗ್ರೇಡನ್ನು ಹೊಸ ಕಾರಿಗೆ ಹಾಕಬಾರದು ಎನ್ನುವುದಕ್ಕೆ ಸ್ನಿಗ್ಧತೆಗಿಂತಲೂ ದೊಡ್ಡ ಕಾರಣ ಆ ಸಾಲಿನಲ್ಲಿದೆ. ಅದು ಆಯಿಲಿನಲ್ಲಿ ಬೆರೆಸಿದ ಔಷಧಗಳ ಮಟ್ಟವನ್ನು ಹೇಳುತ್ತದೆ: ಮಸಿಯನ್ನು ತೇಲಿಸಿಡುವ, ಆಮ್ಲವನ್ನು ತಟಸ್ಥಗೊಳಿಸುವ, ಲೋಹದ ಸವೆತ ತಡೆಯುವ, ಆಯಿಲ್ ಸುಟ್ಟು ಡಾಂಬರಿನಂತಾಗದಂತೆ ನೋಡಿಕೊಳ್ಳುವ ರಾಸಾಯನಿಕಗಳು. ಎಸ್ ಅಕ್ಷರದಿಂದ ಆರಂಭವಾಗುವುದು ಪೆಟ್ರೋಲ್ ಎಂಜಿನ್ನಿಗೆ, ಸಿ ಅಕ್ಷರದ್ದು ಡೀಸೆಲಿಗೆ. ಎರಡನೆಯ ಅಕ್ಷರ ಮುಂದೆ ಹೋದಷ್ಟೂ ಮಟ್ಟ ಹೊಸದು. ಎಸ್‌ಪಿ 2020ರದ್ದು, ಸಿಐ-4 2002ರದ್ದು, ಸಿಕೆ-4 2016ರ ಕೊನೆಯದ್ದು. ಅಂಗಡಿಯಲ್ಲಿ ಸಿಗುವ ಸಿಂಗಲ್ ಗ್ರೇಡ್ ಕ್ಯಾನುಗಳ ಮೇಲೆ ಹೆಚ್ಚಾಗಿ ಕಾಣುವುದು ಸಿಸಿ, ಸಿಎಫ್‌ನಂಥ ಹಳೆಯ ಮಟ್ಟಗಳು. ಅವು ಆ ಕಾಲದ ಎಂಜಿನ್ನುಗಳಿಗಾಗಿ ಬರೆದವು. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂದ ಮೇಲಿನ ಡೀಸೆಲ್ ವಾಹನಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಇರುತ್ತದೆ. ಆಯಿಲ್ ಸುಟ್ಟಾಗ ಉಳಿಯುವ ಬೂದಿ ಅದರಲ್ಲಿ ಕಟ್ಟಿಕೊಂಡರೆ ತೊಳೆದು ತೆಗೆಯುವುದು ಸುಲಭವಲ್ಲ. ಅದಕ್ಕಾಗಿ ಕಡಿಮೆ ಬೂದಿಯ ಆಯಿಲನ್ನೇ ಹೇಳಿರುತ್ತಾರೆ. ಅಲ್ಲಿ ಗ್ರೇಡ್ ಸರಿಯಿದ್ದು ಮಟ್ಟ ತಪ್ಪಿದರೂ ಕೊನೆಗೆ ದುಬಾರಿ ಬಿಲ್ಲು ನಮ್ಮ ಕೈಗೇ ಬರುತ್ತದೆ.

ಗ್ರೇಡೊಂದನ್ನೇ ನೋಡಿ ನಾನೇ ಒಮ್ಮೆ ಕೆಟ್ಟಿದ್ದೇನೆ. ಸ್ನೇಹಿತನ ಕಾರಿಗೆ ತಂದು ಉಳಿದ 5ಡಬ್ಲ್ಯೂ-30 ಆಯಿಲನ್ನು, ಹತ್ತಿರ ಹತ್ತಿರ ಅದೇ ಗ್ರೇಡು ತಾನೆ ಎಂದು, 10ಡಬ್ಲ್ಯೂ-30 ಕೇಳುವ ನನ್ನ ಬೈಕಿಗೆ ಹಾಕಿದೆ. ಎರಡು ದಿನ ಏನೂ ಆಗಲಿಲ್ಲ. ಮೂರನೆಯ ದಿನ ಪೆರ್ಲದ ಕಡೆಯ ಏರಿನಲ್ಲಿ, ಹಿಂದೆ ಒಂದು ಗೋಣಿ ಗೊಬ್ಬರ ಇಟ್ಟುಕೊಂಡು ಆಕ್ಸಿಲರೇಟರ್ ತಿರುಗಿಸಿದರೆ ಎಂಜಿನ್ ಕೂಗುತ್ತದೆ, ಬೈಕು ಮುಂದೆ ಹೋಗುವುದಿಲ್ಲ. ಬೈಕಿನಲ್ಲಿ ಎಂಜಿನ್ನಿಗೂ ಗೇರಿಗೂ ಕ್ಲಚ್ಚಿಗೂ ಒಂದೇ ಆಯಿಲ್. ಕ್ಲಚ್ ತಟ್ಟೆಗಳು ಅದರಲ್ಲಿಯೇ ಮುಳುಗಿರುತ್ತವೆ. ಮೈಲೇಜಿಗಾಗಿ ಜಾರುವಿಕೆಯನ್ನು ಹೆಚ್ಚಿಸುವ ಔಷಧ ಬೆರೆಸಿದ ಕಾರಿನ ಆಯಿಲ್ ಕ್ಲಚ್ಚನ್ನೂ ಜಾರಿಸಿತು. ಜಪಾನಿನ ಜಾಸೊ ಸಂಸ್ಥೆ 1998ರಲ್ಲಿ ಬೈಕಿನ ಆಯಿಲುಗಳಿಗಾಗಿಯೇ ಎಂಎ, ಎಂಬಿ ಎಂಬ ಗುರುತುಗಳನ್ನು ತಂದದ್ದು ಈ ಕಾರಣಕ್ಕೆ. ಗೇರಿನ ಬೈಕಿಗೆ ಎಂಎ ಅಥವಾ ಎಂಎ2 ಬೇಕು. ಕ್ಲಚ್ ಒಣಗಿಯೇ ಇರುವ ಗೇರಿಲ್ಲದ ಸ್ಕೂಟರಿಗೆ ಎಂಬಿ ನಡೆಯುತ್ತದೆ. ಹೊಸ ಆಯಿಲ್ ಹಾಕಿ ಕೆಲವು ದಿನ ಓಡಿಸಿದ ಮೇಲೆ ನನ್ನ ಕ್ಲಚ್ ಸರಿಯಾಯಿತು. ಗೊಬ್ಬರದ ಗೋಣಿಯನ್ನು ಮಾತ್ರ ಅಂದು ಆಟೊದಲ್ಲಿ ಕಳಿಸಬೇಕಾಯಿತು.

ಇನ್ನು ಜೀಪು. ಇಪ್ಪತ್ತೈದು ವರ್ಷ ಗುಡ್ಡದ ದಾರಿಯಲ್ಲಿ ದುಡಿದ ಆ ಡೀಸೆಲ್ ಎಂಜಿನ್ನಿನ ಬೇರಿಂಗುಗಳು ಸವೆದಿವೆ, ಬಿಸಿಯಾಗಿ ನಿಂತಾಗ ಆಯಿಲಿನ ಕೆಂಪು ದೀಪ ಮಿಣುಕುತ್ತದೆ. ಅದರ ಕೈಪಿಡಿ ಹೇಳುವುದು 15ಡಬ್ಲ್ಯೂ-40. 40ರ ಸಿಂಗಲ್ ಗ್ರೇಡ್ ಹಾಕಿದರೆ ದೀಪ ನಿಲ್ಲುತ್ತದೆ ಎಂದು ಒಬ್ಬ ಮೆಕ್ಯಾನಿಕ್ ಹೇಳಿದ್ದರು. ಲೆಕ್ಕ ನೋಡಿದರೆ ಬಿಸಿಯಾದಾಗ ಎರಡೂ ಒಂದೇ ಪಟ್ಟಿಯವು, ಹಾಗಾಗಿ ದೀಪಕ್ಕೆ ದೊಡ್ಡ ವ್ಯತ್ಯಾಸ ತಿಳಿಯಬೇಕಾಗಿಲ್ಲ. ಬೆಳಗ್ಗಿನ ಹೊತ್ತು ಮಾತ್ರ ಎಂಜಿನ್ ಇನ್ನಷ್ಟು ಬಿಗಿಯಾಗಿ ತಿರುಗುತ್ತದೆ. ಸವೆದ ಎಂಜಿನ್ನಿಗೆ ಬಿಸಿಯ ಬದಿಯ ಸಂಖ್ಯೆ ಏರಬೇಕು, ಅಂದರೆ 20ಡಬ್ಲ್ಯೂ-50. ಅದೂ ಚಿಕಿತ್ಸೆಯಲ್ಲ, ಬೇರಿಂಗ್ ಬದಲಿಸುವವರೆಗಿನ ಊರುಗೋಲು. ಮೊದಲು ಮಾಡಬೇಕಾದದ್ದು ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ನೋಡುವುದು, ಆಯಿಲ್ ಪ್ರೆಶರ್ ಸ್ವಿಚ್ಚು ಸರಿಯಿದೆಯೇ ಎಂದು ಪರೀಕ್ಷಿಸುವುದು.

ದಾರಿಯಲ್ಲಿ ಆಯಿಲ್ ಕಡಿಮೆಯಾಗಿ ಬೇಕಾದ ಗ್ರೇಡ್ ಸಿಗದಿದ್ದರೆ ಪಕ್ಕದ ಗ್ರೇಡಿನ ಅರ್ಧ ಲೀಟರ್ ಸೇರಿಸಿ ಮನೆ ಮುಟ್ಟುವುದರಿಂದ ಏನೂ ಕೆಡುವುದಿಲ್ಲ; ಮಿಶ್ರಣದ ಸ್ನಿಗ್ಧತೆ ಎರಡರ ನಡುವೆ ಎಲ್ಲೋ ನಿಲ್ಲುತ್ತದೆ. ಆಯಿಲಿಲ್ಲದೆ ಓಡಿಸುವುದಕ್ಕಿಂತ ಅದು ಸಾವಿರ ಪಾಲು ಮೇಲು. ಗೇರ್ ಬಾಕ್ಸಿನ 90ರ ಆಯಿಲ್ 40ರದ್ದಕ್ಕಿಂತ ಎರಡು ಪಟ್ಟು ದಪ್ಪವೆಂದು ತಿಳಿದು ಎಂಜಿನ್ನಿಗೆ ಹಾಕಲು ಹೊರಟವರೂ ಇದ್ದಾರೆ. ಗೇರ್ ಆಯಿಲಿನ ಸಂಖ್ಯೆಗಳದ್ದು ಬೇರೆಯೇ ಪಟ್ಟಿ; 100 ಡಿಗ್ರಿಯಲ್ಲಿ ಅದರ ಸ್ನಿಗ್ಧತೆ 40, 50ರ ಎಂಜಿನ್ ಆಯಿಲಿನಷ್ಟೇ ಇರುತ್ತದೆ, ಒಳಗಿನ ಔಷಧಗಳು ಮಾತ್ರ ಎಂಜಿನ್ನಿಗೆ ಸಲ್ಲದವು.

ಚಿಕ್ಕಪ್ಪನ ಕೊಟ್ಟಿಗೆಯ ಅಟ್ಟದಲ್ಲಿ ಈಗ ಎರಡು ಕ್ಯಾನುಗಳಿವೆ. 40ರ ಕ್ಯಾನಿನ ಹೊಟ್ಟೆಯ ಮೇಲೆ, ಬೋರ್ಡೋ ದ್ರಾವಣಕ್ಕೆ ತಂದ ಸುಣ್ಣದಲ್ಲಿ ಬೆರಳದ್ದಿ 'ಪಂಪು' ಎಂದು ಬರೆದಿದ್ದಾರೆ, 15ಡಬ್ಲ್ಯೂ-40 ಕ್ಯಾನಿನ ಮೇಲೆ 'ಜೀಪು' ಎಂದು. ಕಾರಿನ ಸರ್ವೀಸಿನ ನಂತರ ಉಳಿದ ಅರ್ಧ ಲೀಟರ್ 0ಡಬ್ಲ್ಯೂ-20 ಮಾತ್ರ ಕೊಟ್ಟಿಗೆಗೆ ಹೋಗಿಲ್ಲ; ಅದರ ಬೆಲೆ ಕೇಳಿದ ದಿನದಿಂದ ಅದು ಕೈಪಿಡಿಯ ಜೊತೆಗೆ ಒಳಗಿನ ಕಪಾಟಿನಲ್ಲಿ, ಬೀಗದೊಳಗಿದೆ.